ಮಕ್ಕಳ ಕೈಗೆ ಮರದ ತುಂಡು ಕೊಟ್ಟ ಫ್ರೋಬೆಲ್

ಸ್ನೇಹಿತರೇ, ನಮ್ಮ ತರಗತಿಯಲ್ಲಿ ಅಂಗನವಾಡಿಗೆ ಹೋಗದೆ ನೇರವಾಗಿ ಒಂದನೇ ತರಗತಿಗೆ ಬಂದವರು ಯಾರೂ ಇಲ್ಲ. ಅಲ್ಲಿ ಹಾಡು ಹೇಳಿದ್ದು, ಉಪ್ಪಿಟ್ಟು ತಿಂದಿದ್ದು, ಬಣ್ಣದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಬೀಳಿಸಿದ್ದು ಎಲ್ಲರಿಗೂ ನೆನಪಿರುತ್ತದೆ. ಪೇಟೆಯಲ್ಲಿ ಚಿಕ್ಕ ಮಕ್ಕಳ ಶಾಲೆಯನ್ನು ಶಿಶುವಿಹಾರ ಅಂತಲೂ ಕೆ.ಜಿ. ಅಂತಲೂ ಕರೆಯುತ್ತಾರೆ. ಕೆ.ಜಿ. ಅಂದರೆ ಕಿಂಡರ್‌ಗಾರ್ಟನ್. ಅದು ಇಂಗ್ಲಿಷ್ ಪದ ಅಂತ ಬಹಳ ಜನ ತಿಳಿದಿದ್ದಾರೆ, ಆದರೆ ಮೂಲದಲ್ಲಿ ಅದು ಜರ್ಮನ್ ಪದ. ಕಿಂಡರ್ ಅಂದರೆ ಮಕ್ಕಳು, ಗಾರ್ಟನ್ ಅಂದರೆ ತೋಟ. ಆ ಹೆಸರನ್ನು ಇಟ್ಟವರು, ಮಕ್ಕಳು ಆಡಿ ಕಟ್ಟುವುದಕ್ಕೆಂದೇ ಮರದ ತುಂಡುಗಳನ್ನು ಅಳತೆ ಮಾಡಿ ಕೊಯ್ಯಿಸಿ ಪೆಟ್ಟಿಗೆಯಲ್ಲಿ ಇಟ್ಟು ಕೊಟ್ಟವರು ಫ್ರೆಡ್ರಿಕ್ ಫ್ರೋಬೆಲ್. ಅವರ ಜೀವನ ಚರಿತ್ರೆಯನ್ನು ಈ ಸಲ ಬರೆದಿದ್ದೇನೆ. ಸ್ವಲ್ಪ ಉದ್ದ ಆಗಿದೆ, ನಿಂತುಕೊಂಡು ಓದುವವರು ಬೇಜಾರು ಮಾಡಿಕೊಳ್ಳಬಾರದು.

ಫ್ರೋಬೆಲ್ 1782ನೇ ಇಸವಿ ಏಪ್ರಿಲ್ 21ರಂದು ಜರ್ಮನಿಯ ತುರಿಂಗಿಯಾ ಎಂಬ ಕಾಡು ಬೆಟ್ಟಗಳ ಸೀಮೆಯಲ್ಲಿ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಆಗ ಜರ್ಮನಿ ಅಂತ ಒಂದೇ ದೇಶ ಇರಲಿಲ್ಲ. ಚಿಕ್ಕ ಚಿಕ್ಕ ರಾಜರ ಎಷ್ಟೋ ಸಂಸ್ಥಾನಗಳು ಇದ್ದವು. ತಂದೆ ಆ ಊರಿನ ಪಾದ್ರಿ. ಸುತ್ತಮುತ್ತಲ ಹಳ್ಳಿಗಳ ಜನರನ್ನೂ ಅವರೇ ನೋಡಿಕೊಳ್ಳಬೇಕಾಗಿದ್ದರಿಂದ ಮನೆಯ ಕಡೆ ಗಮನ ಕೊಡಲು ಅವರಿಗೆ ಬಿಡುವು ಇರುತ್ತಿರಲಿಲ್ಲ. ಮಗುವಿಗೆ ಒಂಬತ್ತು ತಿಂಗಳು ಆಗಿದ್ದಾಗ ತಾಯಿ ತೀರಿಕೊಂಡರು. ತಾಯಿಯ ಮುಖವೇ ಅವನಿಗೆ ನೆನಪಿಲ್ಲ.

ತಂದೆ ಇನ್ನೊಂದು ಮದುವೆ ಮಾಡಿಕೊಂಡರು. ಮಲತಾಯಿ ಮೊದಮೊದಲು ಹುಡುಗನನ್ನು ಚೆನ್ನಾಗಿಯೇ ನೋಡಿಕೊಂಡರಂತೆ. ತಮಗೇ ಒಂದು ಮಗು ಹುಟ್ಟಿದ ಮೇಲೆ ಅವನನ್ನು ದೂರ ಮಾಡಿದರು. ಅದು ಹೇಗೆ ಅಂದರೆ, ಜರ್ಮನ್ ಭಾಷೆಯಲ್ಲೂ ನಮ್ಮ ಹಾಗೆ ಮನೆಯವರನ್ನು ನೀನು ಅಂತ ಮಾತಾಡಿಸುತ್ತಾರೆ. ಮಲತಾಯಿ ನೀನು ಅನ್ನುವುದನ್ನು ಬಿಟ್ಟು, ಎದುರಿಗೆ ನಿಂತಿದ್ದವನನ್ನೇ ಅವನು ಅಂತ ಮಾತಾಡಿಸಲು ಶುರು ಮಾಡಿದರು. ಹೊಡೆಯಲಿಲ್ಲ, ಬಡಿಯಲಿಲ್ಲ, ಒಂದು ಪದ ಬದಲಾಯಿಸಿದರು ಅಷ್ಟೆ. ದೊಡ್ಡವರಾದ ಮೇಲೂ ಫ್ರೋಬೆಲ್ ಇದನ್ನು ಮರೆಯದೆ ತಮ್ಮ ಕಥೆಯಲ್ಲಿ ಬರೆದುಕೊಂಡಿದ್ದಾರೆ. ನನಗೆ ಹೊಡೆತಕ್ಕಿಂತ ಇದೇ ಜಾಸ್ತಿ ನೋವು ಅನ್ನಿಸಿತು.

ತಂದೆಯೇ ಮನೆಯಲ್ಲಿ ಓದು ಕಲಿಸಲು ಕೂತರು. ಹುಡುಗನಿಗೆ ಬೇಗ ತಲೆಗೆ ಹತ್ತಲಿಲ್ಲ. ಇವನು ದಡ್ಡ ಅಂತ ತೀರ್ಮಾನ ಮಾಡಿ ಊರಿನ ಹೆಣ್ಣುಮಕ್ಕಳ ಶಾಲೆಗೆ ಹಾಕಿದರು. ಅಷ್ಟು ಹುಡುಗಿಯರ ಮಧ್ಯೆ ಇವನೊಬ್ಬನೇ ಹುಡುಗ. ಮನೆಯಲ್ಲಿ ಆಟಕ್ಕೆ ಜೊತೆ ಇಲ್ಲ, ತಂದೆಯ ತೋಟದಲ್ಲಿ ಗಿಡಗಳ ಹತ್ತಿರ ಇರುವುದೇ ಇವನ ಆಟ.

ಹತ್ತು ವರ್ಷ ಆದಾಗ ಸೋದರಮಾವ ಬಂದು ಇವನ ಸ್ಥಿತಿ ನೋಡಿ ತಮ್ಮ ಊರು ಸ್ಟಾಟಿಲ್ಮ್‌ಗೆ ಕರೆದುಕೊಂಡು ಹೋದರು. ಅಲ್ಲಿ ನಾಲ್ಕೈದು ವರ್ಷ ಚೆನ್ನಾಗಿ ಕಳೆಯಿತು. ಓರಗೆಯ ಹುಡುಗರ ಜೊತೆ ಓಡುವುದು, ಆಡುವುದು ಎಲ್ಲ ಅಲ್ಲೇ ಮೊದಲು. ಸೋದರಮಾವನ ಮನೆ ಅಂದರೆ ಜರ್ಮನಿಯಲ್ಲೂ ಹಾಗೇ ಇರುತ್ತೆ ಅಂತ ಕಾಣುತ್ತೆ.

ಆಮೇಲೆ ಫ್ರೋಬೆಲ್ ಮಾಡಿದ ಕೆಲಸಗಳನ್ನು ಲೆಕ್ಕ ಹಾಕಿದರೆ ಆಶ್ಚರ್ಯ ಆಗುತ್ತದೆ. 1797ರಿಂದ ಎರಡು ವರ್ಷ ಕಾಡಿನ ಅಧಿಕಾರಿಯೊಬ್ಬರ ಹತ್ತಿರ ಕೆಲಸ ಕಲಿಯಲು ಇದ್ದರು. ಕಾಡು ಸುತ್ತಿ ಮರ, ಗಿಡ, ಕಲ್ಲುಗಳನ್ನು ತಾವೇ ನೋಡಿ ಕಲಿತರು. 1799ರಲ್ಲಿ ಯೇನಾ ಎಂಬ ಊರಿನ ವಿಶ್ವವಿದ್ಯಾನಿಲಯಕ್ಕೆ ಸೇರಿದರು. ತಮ್ಮ ಹಣವನ್ನು ಅಣ್ಣನಿಗೆ ಸಾಲ ಕೊಟ್ಟುಬಿಟ್ಟು, ಇತ್ತ ತಮ್ಮ ಊಟದ ಬಾಕಿ ತೀರಿಸಲಾಗದೆ ವಿಶ್ವವಿದ್ಯಾನಿಲಯದ ಸೆರೆಮನೆಯಲ್ಲಿ ಒಂಬತ್ತು ವಾರ ಇರಬೇಕಾಯಿತು. ಓದು ಅರ್ಧಕ್ಕೇ ನಿಂತಿತು. ಮುಂದೆ ಜಮೀನು ಅಳೆಯುವುದು, ಲೆಕ್ಕ ಬರೆಯುವುದು ಹೀಗೆ ಸಿಕ್ಕಿದ ಕೆಲಸ ಮಾಡಿದರು. ಕಡೆಗೆ ಕಟ್ಟಡ ಕಟ್ಟುವ ವಿದ್ಯೆ ಕಲಿಯೋಣ ಅಂತ 1805ರಲ್ಲಿ ಫ್ರಾಂಕ್‌ಫರ್ಟ್ ಪಟ್ಟಣಕ್ಕೆ ಹೋದರು.

ಅಲ್ಲಿ ಒಂದು ಮಾದರಿ ಶಾಲೆ ಇತ್ತು. ಅದರ ಹೆಡ್‌ಮಾಸ್ಟರು ಗ್ರೂನರ್ ಎಂಬುವರು ಇವರನ್ನು ನೋಡಿ ಕಟ್ಟಡದ ಕೆಲಸ ಬಿಟ್ಟು ಮೇಷ್ಟ್ರಾಗಿ ಬನ್ನಿ ಅಂತ ಕರೆದರು. ಒಪ್ಪಿದರು. ಮೊದಲನೇ ದಿನ ತರಗತಿಯ ಒಳಗೆ ಹೋದಾಗಲೇ, ಇಷ್ಟು ದಿನ ಹುಡುಕುತ್ತಿದ್ದುದು ಇದೇ ಅಂತ ಅವರಿಗೆ ಅನ್ನಿಸಿತು. ದಡ್ಡ ಅನ್ನಿಸಿಕೊಂಡ ಹುಡುಗ ಮೇಷ್ಟ್ರಾದರು! ಸ್ವಿಟ್ಜರ್‌ಲೆಂಡಿನಲ್ಲಿ ಪೆಸ್ತಲೋಜಿ ಎಂಬ ಹೆಸರಾದ ಗುರುಗಳ ಶಾಲೆ ಇತ್ತು. ಬಾಯಿಪಾಠ ಮಾಡಿಸದೆ, ವಸ್ತುವನ್ನು ತೋರಿಸಿ ಮುಟ್ಟಿಸಿ ಕಲಿಸುವುದು ಅವರ ಪದ್ಧತಿ. ಫ್ರೋಬೆಲ್ ಅಲ್ಲಿಗೂ ಹೋದರು. 1808ರಿಂದ 1810ರವರೆಗೆ ಮೂರು ಜನ ಹುಡುಗರನ್ನು ಕರೆದುಕೊಂಡು ಅಲ್ಲೇ ಇದ್ದು, ತಾವೂ ಕಲಿತು ಅವರಿಗೂ ಕಲಿಸಿದರು.

ಈಗ ನನಗೆ ಬಹಳ ಇಷ್ಟವಾದ ಭಾಗ. ಫ್ರೋಬೆಲ್‌ಗೆ ಕಲ್ಲುಗಳ ಹುಚ್ಚು ಇತ್ತು. 1812ರಲ್ಲಿ ಬರ್ಲಿನ್‌ಗೆ ಹೋಗಿ ವೈಸ್ ಎಂಬ ಪ್ರೊಫೆಸರ ಹತ್ತಿರ ಖನಿಜಗಳ ಪಾಠ ಕೇಳಿದರು. ಮಧ್ಯೆ ನೆಪೋಲಿಯನ್ ವಿರುದ್ಧ ಯುದ್ಧ ಬಂತು. 1813ರಲ್ಲಿ ಸೈನ್ಯಕ್ಕೆ ಸೇರಿದರು. ಅಲ್ಲಿ ಲಾಂಗೆಟಾಲ್ ಮತ್ತು ಮಿಡೆನ್‌ಡಾರ್ಫ್ ಎಂಬ ಇಬ್ಬರು ಸ್ನೇಹಿತರು ಸಿಕ್ಕಿದರು. ಈ ಎರಡು ಹೆಸರನ್ನು ನೆನಪಿಡಿ, ಮುಂದೆ ಬರುತ್ತವೆ. 1814ರಲ್ಲಿ ವಾಪಸ್ಸು ಬಂದ ಮೇಲೆ ಬರ್ಲಿನ್‌ನ ಖನಿಜ ಮ್ಯೂಸಿಯಂನಲ್ಲಿ ವೈಸ್ ಅವರ ಸಹಾಯಕರಾಗಿ ಕೆಲಸಕ್ಕೆ ಸೇರಿದರು. ಮ್ಯೂಸಿಯಂ ಅಂದರೆ ವಸ್ತು ಸಂಗ್ರಹಾಲಯ. ಅಲ್ಲಿ ಕಲ್ಲು, ಹರಳುಗಳನ್ನು ವಿಂಗಡಿಸಿ ಗಾಜಿನ ಕಪಾಟಿನಲ್ಲಿ ಜೋಡಿಸಿಡುವುದು ಇವರ ಕೆಲಸ. ದಿನವೆಲ್ಲ ಮಾತಿಲ್ಲದ ಕೋಣೆಯಲ್ಲಿ ಹರಳುಗಳ ಜೊತೆ ಇರುತ್ತಿದ್ದರು.

ಹರಳಿನಲ್ಲಿ ಅಂಥಾದ್ದು ಏನಿದೆ ಅಂತ ಕೇಳಬಹುದು. ಮನೆಯಿಂದ ನಾಲ್ಕು ಕಲ್ಲುಪ್ಪು ತಂದು ನಮ್ಮ ವಿಜ್ಞಾನ ಪೆಟ್ಟಿಗೆಯ ಭೂತಗನ್ನಡಿಯಲ್ಲಿ ನೋಡಿ. ಮುರಿಯದೆ ಚೆನ್ನಾಗಿರುವ ಹರಳು ಆರು ಮುಖದ ಪುಟ್ಟ ಪೆಟ್ಟಿಗೆಯ ಹಾಗೆ ಕಾಣುತ್ತದೆ. ಗಣಿತದಲ್ಲಿ ಅದನ್ನೇ ಘನ ಅನ್ನುತ್ತಾರೆ. ಅದನ್ನು ಒಡೆದರೂ ಸಾಮಾನ್ಯವಾಗಿ ಚಚ್ಚೌಕ ಮೂಲೆಯ ತುಂಡುಗಳೇ ಬರುತ್ತವೆ. ಯಾರೂ ಕೆತ್ತಿಲ್ಲ, ಉಜ್ಜಿಲ್ಲ, ಉಪ್ಪಿನ ನೀರು ಒಣಗುವಾಗ ತಾನಾಗಿಯೇ ಅದು ಹಾಗೆ ಕಟ್ಟಿಕೊಳ್ಳುತ್ತದೆ. ಬೇರೆ ಬೇರೆ ಖನಿಜಕ್ಕೆ ಬೇರೆ ಬೇರೆ ಆಕಾರ. ಸಣ್ಣ ಸಣ್ಣದು ಒಂದು ಕ್ರಮದಲ್ಲಿ ಸೇರಿ ದೊಡ್ಡದಾಗುತ್ತದೆ. ಬಂಡೆಯಲ್ಲಿ ಕಾಣುವ ಈ ಕ್ರಮವೇ ಗಿಡದಲ್ಲೂ ಮನುಷ್ಯನಲ್ಲೂ ಇದೆ, ಮಗು ಕೂಡ ಒಳಗಿನಿಂದ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದು ಫ್ರೋಬೆಲ್‌ಗೆ ಆ ಕಪಾಟುಗಳ ಮುಂದೆ ಹೊಳೆದ ವಿಚಾರ. ಮುಂದೆ ಅವರು ಮಾಡಿಸಿದ ಮರದ ತುಂಡುಗಳು ಈ ಹರಳುಗಳ ಅಣ್ಣತಮ್ಮಂದಿರು ಅಂತಲೇ ಹೇಳಬೇಕು.

ಆ ಕೆಲಸದಲ್ಲೇ ಇದ್ದಿದ್ದರೆ ಸುಖವಾಗಿ ಇರಬಹುದಿತ್ತು. ಆದರೆ 1813ರಲ್ಲೇ ಅವರ ಅಣ್ಣ ಕ್ರಿಸ್ಟೋಫ್ ಗಾಯಾಳು ಸೈನಿಕರ ಆರೈಕೆ ಮಾಡುತ್ತಾ ವಿಷಮ ಜ್ವರ ತಗುಲಿ ತೀರಿಕೊಂಡಿದ್ದರು. ಅತ್ತಿಗೆ ಮತ್ತು ಮೂರು ಗಂಡುಮಕ್ಕಳು ಉಳಿದಿದ್ದರು. 1816ರಲ್ಲಿ ಫ್ರೋಬೆಲ್ ಮ್ಯೂಸಿಯಂ ಕೆಲಸ ಬಿಟ್ಟರು. ಆ ಮೂರು ಮಕ್ಕಳು ಮತ್ತು ಇನ್ನೊಬ್ಬ ಅಣ್ಣನ ಇಬ್ಬರು ಮಕ್ಕಳು, ಒಟ್ಟು ಐದೇ ಜನ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಗ್ರೀಸ್‌ಹೈಮ್ ಎಂಬ ಹಳ್ಳಿಯಲ್ಲಿ ಶಾಲೆ ತೆರೆದರು. ಮರು ವರ್ಷ ಶಾಲೆ ಕೈಲ್‌ಹೌ ಎಂಬ ಹಳ್ಳಿಗೆ ಹೋಯಿತು. ಯುದ್ಧದಲ್ಲಿ ಸಿಕ್ಕಿದ ಇಬ್ಬರು ಸ್ನೇಹಿತರೂ ಬಂದು ಮೇಷ್ಟ್ರಾಗಿ ಸೇರಿಕೊಂಡರು. ಪಾಠ, ತೋಟದ ಕೆಲಸ, ಬೆಟ್ಟ ಹತ್ತುವುದು, ಆಟ ಎಲ್ಲ ಸೇರಿದ ಶಾಲೆ ಅದು. 1818ರಲ್ಲಿ ಫ್ರೋಬೆಲ್ ಹೆನ್ರಿಯೆಟ್ ಎಂಬುವರನ್ನು ಮದುವೆಯಾದರು. 1826ರಲ್ಲಿ ಮನುಷ್ಯನ ಶಿಕ್ಷಣದ ಬಗ್ಗೆ ದೊಡ್ಡ ಪುಸ್ತಕ ಬರೆದರು. ಮಕ್ಕಳ ಸಂಖ್ಯೆ ಏರಿತ್ತು. ಆದರೆ ಆ ಕಾಲದ ರಾಜರಿಗೆ ಹೊಸ ವಿಚಾರ ಅಂದರೆ ಭಯ. ಈ ಶಾಲೆಯ ಮೇಲೂ ಸಂಶಯ ಬಂತು. ತಂದೆ ತಾಯಿಯರು ಮಕ್ಕಳನ್ನು ಬಿಡಿಸಿಕೊಂಡು ಹೋದರು. 1829ರ ಹೊತ್ತಿಗೆ ಮತ್ತೆ ಐದೇ ಜನ. ಹದಿಮೂರು ವರ್ಷ ದುಡಿದು ಶುರುವಿನ ಲೆಕ್ಕಕ್ಕೇ ಬಂದು ನಿಂತರು.

1831ರಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋಗಿ ಅಲ್ಲಿ ಕೆಲವು ಶಾಲೆ ನಡೆಸಿದರು, ಒಂದು ಅನಾಥಾಲಯ ನೋಡಿಕೊಂಡರು. ಶಾಲೆಗೆ ಸೇರುವ ವಯಸ್ಸಿಗೆ ಮುಂಚಿನ ಪುಟ್ಟ ಮಕ್ಕಳ ಬಗ್ಗೆ ಯಾರೂ ಯೋಚಿಸುವುದಿಲ್ಲ, ಅವರನ್ನು ಸುಮ್ಮನೆ ಕೂರಿಸುತ್ತಾರೆ ಅಥವಾ ಅವರ ಪಾಡಿಗೆ ಬಿಟ್ಟುಬಿಡುತ್ತಾರೆ ಎಂಬುದು ಅವರಿಗೆ ಗಟ್ಟಿಯಾಗಿ ಅನ್ನಿಸಿತು. ಹೆಂಡತಿಗೆ ಆರೋಗ್ಯ ಸರಿ ಇರಲಿಲ್ಲ, ವಾಪಸ್ಸು ಬಂದರು. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಚಿಕ್ಕ ಊರಿನಲ್ಲಿ ಮಕ್ಕಳ ಆಟದ ಸಾಮಾನು ಮಾಡಿಸಲು ಶುರು ಮಾಡಿದರು. ಆಗ ಅವರಿಗೆ 55 ವರ್ಷ. ಬೇರೆಯವರು ವಿಶ್ರಾಂತಿ ತೆಗೆದುಕೊಳ್ಳೋ ವಯಸ್ಸಿನಲ್ಲಿ ಇವರು ಆಟಿಕೆಗೆ ಕೈ ಹಾಕಿದರು!

ಆ ಆಟದ ಸಾಮಾನಿಗೆ ಫ್ರೋಬೆಲ್ ಉಡುಗೊರೆಗಳು ಅಂತ ಹೆಸರು. ಮೊದಲನೆಯದು ಬಣ್ಣದ ಉಣ್ಣೆಯ ಆರು ಚೆಂಡುಗಳು. ತೀರಾ ಚಿಕ್ಕ ಕೂಸಿಗೆ ಅವು. ಎರಡನೆಯದರಲ್ಲಿ ಮರದ ಗೋಲ, ಮರದ ಘನ, ಮರದ ಸಿಲಿಂಡರ್. ಗೋಲ ಎತ್ತ ಬೇಕಾದರೂ ಉರುಳುತ್ತದೆ, ನಿಲ್ಲುವುದಿಲ್ಲ. ಘನ ಇಟ್ಟ ಕಡೆ ಕೂರುತ್ತದೆ, ಉರುಳುವುದಿಲ್ಲ. ಸಿಲಿಂಡರ್ ಎರಡೂ ಮಾಡುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ, ಮಲಗಿಸಿದರೆ ಉರುಳುತ್ತದೆ. ಇನ್ನೂ ಒಂದು ಮಜಾ ಇದೆ. ಘನದ ಒಂದು ಮುಖದ ನಡುವಿಗೆ ದಾರ ಕಟ್ಟಿ ನೇತುಹಾಕಿ ಜೋರಾಗಿ ತಿರುಗಿಸಿದರೆ, ಮೂಲೆಗಳು ಮಾಯವಾಗಿ ಅದು ಸಿಲಿಂಡರ್ ಥರ ಕಾಣುತ್ತದೆ. ಘನದ ಒಳಗೆ ಸಿಲಿಂಡರ್ ಅಡಗಿ ಕೂತಿದೆ ಅನ್ನಿಸುತ್ತದೆ.

ಮೂರನೆಯದರಿಂದ ಕಟ್ಟುವ ಆಟ. ಎರಡು ಅಂಗುಲದ ಒಂದು ಘನ, ಅದನ್ನು ಉದ್ದಕ್ಕೆ, ಅಗಲಕ್ಕೆ, ಎತ್ತರಕ್ಕೆ ಒಂದೊಂದು ಸಲ ಸರಿಯಾಗಿ ಅರ್ಧಕ್ಕೆ ಕೊಯ್ದರೆ ಒಂದು ಅಂಗುಲದ ಎಂಟು ಘನಗಳು ಆಗುತ್ತವೆ. ನಾಲ್ಕನೆಯದೂ ಎರಡು ಅಂಗುಲದ ಘನವೇ, ಆದರೆ ಎಂಟು ಇಟ್ಟಿಗೆಗಳಾಗಿ ಕೊಯ್ದಿರುತ್ತಾರೆ. ಒಂದೊಂದು ಇಟ್ಟಿಗೆ ಎರಡು ಅಂಗುಲ ಉದ್ದ, ಒಂದು ಅಂಗುಲ ಅಗಲ, ಅರ್ಧ ಅಂಗುಲ ದಪ್ಪ. ಗುಣಿಸಿ ನೋಡಿ, ಘನದ ತುಂಡಿಗೂ ಇಟ್ಟಿಗೆಯ ತುಂಡಿಗೂ ಗಾತ್ರ ಒಂದೇ, ಆಕಾರ ಮಾತ್ರ ಬೇರೆ. ಇದನ್ನು ನಮಗೆ ಕರಿಹಲಗೆಯ ಮೇಲೆ ಸೂತ್ರದಿಂದ ಕಲಿಸುತ್ತಾರೆ, ಆ ಮಕ್ಕಳು ನಾಲ್ಕು ವರ್ಷಕ್ಕೇ ಕೈಯಿಂದ ಕಲಿಯುತ್ತಿದ್ದರು. ಐದನೆಯದು ಮೂರು ಅಂಗುಲದ ಘನ. ಅದರಲ್ಲಿ 27 ಸಣ್ಣ ಘನಗಳು ಬರುತ್ತವೆ. ಅವುಗಳಲ್ಲಿ ಮೂರನ್ನು ಓರೆಯಾಗಿ ಎರಡು ಭಾಗ, ಇನ್ನು ಮೂರನ್ನು ಓರೆಯಾಗಿ ನಾಲ್ಕು ಭಾಗ ಮಾಡಿದ್ದಾರೆ. ಒಟ್ಟು ಎಷ್ಟು ತುಂಡು? 21, 6, 12 ಸೇರಿ 39. ಓರೆ ತುಂಡು ಇರುವುದರಿಂದ ಇದರಲ್ಲಿ ಮನೆಗೆ ಇಳಿಜಾರು ಮಾಡು ಕೂರಿಸಬಹುದು.

ಆಡುವುದಕ್ಕೆ ಒಂದು ರೀತಿ ಇತ್ತು. ಪೆಟ್ಟಿಗೆಯಿಂದ ತುಂಡುಗಳನ್ನು ದಡದಡ ಸುರಿಯುವ ಹಾಗಿಲ್ಲ. ಮುಚ್ಚಳವನ್ನು ಸ್ವಲ್ಪ ಸರಿಸಿ, ಮೇಜಿನ ಮೇಲೆ ಬೋರಲು ಹಾಕಿ, ಮುಚ್ಚಳ ಎಳೆದು ನಿಧಾನವಾಗಿ ಪೆಟ್ಟಿಗೆ ಎತ್ತಬೇಕು. ಎಂಟೂ ಸೇರಿ ಒಂದೇ ಘನವಾಗಿ ನಿಂತಿರುತ್ತದೆ. ಮೊದಲು ಇಡಿಯಾದದ್ದು ಕಾಣಬೇಕು, ಆಮೇಲೆ ಬಿಡಿ. ಏನು ಕಟ್ಟಿದರೂ ಒಂದು ತುಂಡನ್ನೂ ಬಿಡದೆ ಎಲ್ಲವನ್ನೂ ಬಳಸಬೇಕು. ಮತ್ತೆ, ಕಟ್ಟಿದ್ದನ್ನು ಕೆಡವುವ ಹಾಗಿಲ್ಲ. ಕುರ್ಚಿ ಕಟ್ಟಿದ್ದರೆ ಎರಡು ತುಂಡು ಜರುಗಿಸಿ ಬೆಂಚು ಮಾಡಬೇಕು, ಬೆಂಚನ್ನು ಮೆಟ್ಟಿಲು ಮಾಡಬೇಕು, ಮೆಟ್ಟಿಲಿನಿಂದ ಬಾವಿ. ಒಂದರಿಂದ ಇನ್ನೊಂದು ಹುಟ್ಟಬೇಕು. ಆಡುವಾಗ ಹಾಡು, ಕಥೆ ಜೊತೆಗೆ ನಡೆಯುತ್ತಿತ್ತು. ಕುರ್ಚಿ ಬೆಂಚುಗಳಂಥ ದಿನಬಳಕೆಯವು ಒಂದು ಬಗೆ, ರಂಗೋಲಿಯ ಹಾಗೆ ಚಂದಕ್ಕೆ ಜೋಡಿಸುವುದು ಒಂದು ಬಗೆ, ಅರ್ಧ ಕಾಲು ಅಂತ ಲೆಕ್ಕಕ್ಕೆ ಜೋಡಿಸುವುದು ಇನ್ನೊಂದು ಬಗೆ. ಕೆಡವಬಾರದು ಅನ್ನುವ ನಿಯಮ ಕೇಳಿ ನನ್ನ ತಮ್ಮನಿಗೆ ಇಷ್ಟವಾಗಲಿಲ್ಲ. ಬೀಳಿಸುವುದೇ ಅವನಿಗೆ ಆಟ.

1839ರಲ್ಲಿ ಹೆಂಡತಿ ತೀರಿಕೊಂಡರು. ಇಷ್ಟಾದರೂ ಕೆಲಸ ಬಿಡಲಿಲ್ಲ. ಮಕ್ಕಳ ಮನೆಗೆ ಏನು ಹೆಸರಿಡುವುದು ಅಂತ ಬಹಳ ದಿನ ಯೋಚನೆ ಮಾಡುತ್ತಿದ್ದರು. ಒಂದು ದಿನ ಸ್ನೇಹಿತರ ಜೊತೆ ಬೆಟ್ಟದ ದಾರಿಯಲ್ಲಿ ನಡೆದು ಬರುವಾಗ ಕಿಂಡರ್‌ಗಾರ್ಟನ್ ಎಂಬ ಹೆಸರು ಹೊಳೆಯಿತು ಅಂತ ಜೊತೆಗಿದ್ದವರು ಬರೆದಿಟ್ಟಿದ್ದಾರೆ. 1840ನೇ ಇಸವಿ ಜೂನ್ 28ರಂದು ಆ ಹೆಸರಿನಲ್ಲಿ ಸಂಸ್ಥೆ ಶುರುವಾಯಿತು. ಮಕ್ಕಳು ಗಿಡಗಳು, ಕಲಿಸುವವರು ತೋಟ ನೋಡಿಕೊಳ್ಳುವವರು. ಅಲ್ಲಿ ನಿಜವಾದ ತೋಟವೂ ಇತ್ತು, ಒಂದೊಂದು ಮಗುವಿಗೆ ಒಂದೊಂದು ಪುಟ್ಟ ಪಾತಿ. ಚಿಕ್ಕ ಮಕ್ಕಳಿಗೆ ಕಲಿಸುವುದಕ್ಕೆ ಹೆಣ್ಣುಮಕ್ಕಳಿಗೆ ತರಬೇತಿ ಕೊಡಬೇಕು ಅಂತ ಫ್ರೋಬೆಲ್ ಹಟ ಹಿಡಿದರು. ಆಗ ಅಲ್ಲಿಯೂ ಹೆಂಗಸರಿಗೆ ಸಂಬಳದ ಕೆಲಸ ಸಿಗುವುದು ಕಷ್ಟವಿತ್ತು. ನಮ್ಮ ಟೀಚರ್ ಈ ಸಾಲು ಓದಿದರೆ ಖುಷಿಪಡುತ್ತಾರೆ.

ಹಣದ ತೊಂದರೆ ಮಾತ್ರ ಬಿಡಲಿಲ್ಲ. ಊರೂರು ತಿರುಗಿ ತಿಳಿಸಿ ಹೇಳಿದರು. 1849ರಲ್ಲಿ ಲೀಬೆನ್‌ಸ್ಟೈನ್ ಎಂಬ ಊರಿನಲ್ಲಿ ಇದ್ದಾಗ, ಬಿಳಿ ಕೂದಲಿನ ಮುದುಕರು ಹಳ್ಳಿ ಮಕ್ಕಳ ಜೊತೆ ಕೈ ಹಿಡಿದು ಕುಣಿಯುವುದನ್ನು ನೋಡಿ ಊರಿನವರು ಅವರನ್ನು ಮುದಿ ಹುಚ್ಚ ಅಂತ ಕರೆಯುತ್ತಿದ್ದರು. ಅಲ್ಲಿಗೆ ಬಂದಿದ್ದ ಬರ್ತಾ ಎಂಬ ಶ್ರೀಮಂತ ಮನೆತನದ ಹೆಂಗಸು ಇದನ್ನು ಕೇಳಿ ಹೋಗಿ ನೋಡಿದರು. ಅವರಿಗೆ ಹುಚ್ಚು ಕಾಣಲಿಲ್ಲ, ಗುರು ಕಂಡರು. ಮುಂದೆ ಬರ್ತಾ ಅವರೇ ದೇಶ ದೇಶ ಸುತ್ತಿ ಫ್ರೋಬೆಲ್ ಪದ್ಧತಿಯನ್ನು ಹರಡಿದರು.

ಇಷ್ಟರಲ್ಲಿ ದೊಡ್ಡ ಪೆಟ್ಟು ಬಿತ್ತು. 1851ರ ಆಗಸ್ಟ್ 7ರಂದು ಪ್ರಷ್ಯಾ ಎಂಬ ದೊಡ್ಡ ರಾಜ್ಯದ ಮಂತ್ರಿ ಕಿಂಡರ್‌ಗಾರ್ಟನ್‌ಗಳನ್ನೆಲ್ಲ ನಿಷೇಧಿಸಿ ಆಜ್ಞೆ ಹೊರಡಿಸಿದರು. ಮಕ್ಕಳಿಗೆ ದೇವರಿಲ್ಲ ಅಂತ ಕಲಿಸುತ್ತಾರೆ, ಸರ್ಕಾರದ ವಿರುದ್ಧ ಎತ್ತಿಕಟ್ಟುತ್ತಾರೆ ಅಂತ ಆರೋಪ. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಇವರ ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಎಂಬುವರು ಹೊಸ ವಿಚಾರದ ಒಂದು ಪುಸ್ತಿಕೆ ಬರೆದಿದ್ದರು. ಮನೆ ಹೆಸರು ಒಂದೇ ಆಗಿದ್ದಕ್ಕೆ ಅವರ ಮಾತನ್ನು ಇವರ ಮೇಲೆ ಹಾಕಿದ್ದರು. ಫ್ರೋಬೆಲ್ ತಾವು ಬೇರೆ, ಕಾರ್ಲ್ ಬೇರೆ ಅಂತ ತಿಳಿಸಿದರು, ರಾಜನಿಗೂ ಬರೆದುಕೊಂಡರು. ರಾಜ ಕೇಳಲಿಲ್ಲ. ಪಾದ್ರಿಯ ಮನೆಯಲ್ಲಿ ಹುಟ್ಟಿ ಜೀವನವೆಲ್ಲ ದೇವರನ್ನು ನಂಬಿದವರಿಗೆ ಈ ಆರೋಪ. ಮರದ ಎಂಟು ತುಂಡುಗಳಿಂದ ರಾಜ್ಯ ಬೀಳುತ್ತದೆ ಅಂತ ದೊಡ್ಡವರು ಹೇಗೆ ನಂಬಿದರೋ ನನಗೆ ಅರ್ಥವಾಗಲಿಲ್ಲ.

ಆ ವರ್ಷವೇ ಅವರು ತಮ್ಮ ಶಿಷ್ಯೆ ಲೂಯಿಸ್ ಲೆವಿನ್ ಅವರನ್ನು ಮದುವೆಯಾಗಿದ್ದರು. 1852ರ ಜೂನ್ 21ರಂದು ಮಾರಿಯೆನ್‌ಟಾಲ್‌ನಲ್ಲಿ ಫ್ರೋಬೆಲ್ ತೀರಿಕೊಂಡರು. ಆಗ 70 ವರ್ಷ. ನಿಷೇಧ ಇನ್ನೂ ಹಾಗೇ ಇತ್ತು. ಅದನ್ನು ತೆಗೆದದ್ದು 1860ರಲ್ಲಿ. ಸ್ವೈನಾ ಎಂಬ ಊರಿನಲ್ಲಿ ಅವರ ಸಮಾಧಿ ಇದೆ. ಅದರ ಮೇಲೆ ಎರಡನೇ ಉಡುಗೊರೆಯ ಮೂರು ಆಕಾರಗಳನ್ನೇ ಕಲ್ಲಿನಲ್ಲಿ ನಿಲ್ಲಿಸಿದ್ದಾರೆ, ಕೆಳಗೆ ಘನ, ಮಧ್ಯೆ ಸಿಲಿಂಡರ್, ಮೇಲೆ ಗೋಲ. ಹಾಗೆ ಮಾಡಿಸಿದವರು ಯುದ್ಧದಲ್ಲಿ ಸಿಕ್ಕಿದ ಆ ಸ್ನೇಹಿತ ಮಿಡೆನ್‌ಡಾರ್ಫ್.

ಮರದ ತುಂಡುಗಳು ಸಮುದ್ರ ದಾಟಿ ಹೋದವು. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ದೊಡ್ಡ ವಸ್ತು ಪ್ರದರ್ಶನ ನಡೆಯಿತು. ಅಲ್ಲಿ ಫ್ರೋಬೆಲ್ ಉಡುಗೊರೆಗಳನ್ನು ನೋಡಿದ ಒಬ್ಬ ತಾಯಿ ತಮ್ಮ ಮಗನಿಗೆ ಕೊಡಿಸಿದರು. ಆ ಮಗ ಫ್ರಾಂಕ್ ಲಾಯ್ಡ್ ರೈಟ್, ಮುಂದೆ ಜಗತ್ತಿಗೇ ಹೆಸರಾದ ಕಟ್ಟಡ ಶಿಲ್ಪಿ. ಚಿಕ್ಕಂದಿನ ಆ ತುಂಡುಗಳು ತಮ್ಮ ಬೆರಳಲ್ಲೇ ಉಳಿದಿವೆ ಎಂಬ ಅರ್ಥದಲ್ಲಿ ಅವರು ಮುದುಕರಾದ ಮೇಲೂ ಹೇಳುತ್ತಿದ್ದರು. ನ್ಯೂಯಾರ್ಕಿನಲ್ಲಿ 1959ರಲ್ಲಿ ತೆರೆದ ಗುಗೆನ್‌ಹೈಮ್ ಮ್ಯೂಸಿಯಂ ಅವರ ರಚನೆ. ಮ್ಯೂಸಿಯಂ ಕಪಾಟಿನ ಹರಳು ನೋಡಿ ಹುಟ್ಟಿದ ಆಟ ಇನ್ನೊಂದು ಮ್ಯೂಸಿಯಂ ಕಟ್ಟುವವರ ಕೈಗೆ ಹೋಯಿತು ನೋಡಿ.

ಬ್ಲಾಂಕೆನ್‌ಬುರ್ಗ್‌ನಲ್ಲಿ ಮೊದಲ ಕಿಂಡರ್‌ಗಾರ್ಟನ್ ಇದ್ದ ಮನೆಯೇ ಈಗ ಫ್ರೋಬೆಲ್ ಮ್ಯೂಸಿಯಂ. ಬೇರೆ ದೇಶಗಳಲ್ಲೂ ಎಷ್ಟೋ ಮ್ಯೂಸಿಯಂಗಳು ಮಕ್ಕಳಿಗೆ ಬ್ಲಾಕು ಕಟ್ಟುವ ಕಮ್ಮಟ ನಡೆಸುತ್ತವೆ. ಅಮೆರಿಕದ ವಾಷಿಂಗ್ಟನ್‌ನಲ್ಲಿ ಕಟ್ಟಡಗಳ ಬಗ್ಗೆಯೇ ಇರುವ ಮ್ಯೂಸಿಯಂ 2012ರಲ್ಲಿ ಹಳೆಯ ಕಟ್ಟುವ ಆಟಿಕೆಗಳ ಪ್ರದರ್ಶನ ಇಟ್ಟಾಗ, ಮಕ್ಕಳೇ ಎತ್ತಿ ಜೋಡಿಸಲು ದೊಡ್ಡ ದೊಡ್ಡ ನೀಲಿ ಬ್ಲಾಕುಗಳನ್ನೂ ಇಟ್ಟಿತ್ತು. ಗಾಜಿನ ಹಿಂದೆ ಇರುವುದನ್ನು ನೋಡಿ ಬರುವುದು ಮಾತ್ರ ಮ್ಯೂಸಿಯಂ ಅಂತ ನಾವು ತಿಳಿದಿದ್ದೇವೆ, ಅಲ್ಲಿ ಮುಟ್ಟಬಹುದು, ಕಟ್ಟಬಹುದು.

ನಮ್ಮೂರಿನಿಂದ ಆ ಮ್ಯೂಸಿಯಂಗಳು ದೂರ. ಅದಕ್ಕೆ ನಮ್ಮ ಬೀದಿಯ ಬಡಗಿ ಮಾವನ ಹತ್ತಿರ ಉಳಿದ ಮರದಲ್ಲಿ ಒಂದು ಅಂಗುಲದ ಎಂಟು ಘನ ಕೊಯ್ಯಿಸಿಕೊಂಡು ಬಂದಿದ್ದೇನೆ. ಉಪ್ಪು ಕಾಗದ ಹಾಕಿ ನಾನೇ ಉಜ್ಜಿದ್ದೇನೆ, ಸಿಬಿರು ಚುಚ್ಚುವುದಿಲ್ಲ. ಭೂತಗನ್ನಡಿ ಇಡುವ ಕಪಾಟಿನ ಕೆಳಗಿನ ಹಲಗೆಯಲ್ಲಿ ರಟ್ಟಿನ ಡಬ್ಬಿಯಲ್ಲಿ ಇವೆ. ಮಧ್ಯಾಹ್ನದ ಬಿಡುವಿನಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಿ. ವಾಪಸ್ಸು ಇಡುವಾಗ ಎಂಟೂ ಇದೆಯಾ ಅಂತ ಎಣಿಸಿ ಇಡಿ.